ತೋಟದ ಮನೆಯ ಹೆಣ್ಣುಮಕ್ಕಳು, ಕಡಲಾಚೆಯ ಮನೆಗಳು

ಮಲೆನಾಡಿನ ಸಾಗರ ತಾಲ್ಲೂಕಿನ ವರದಹಳ್ಳಿ ಸೀಮೆಯ ಅಡಿಕೆ ತೋಟದ ಮನೆಗಳಲ್ಲಿ ಹೆಣ್ಣಿನ ಹಕ್ಕನ್ನು ಯಾರೂ ಕೂತು ಚರ್ಚಿಸುತ್ತಿರಲಿಲ್ಲ. ಮನೆಯ ಕಟ್ಟೋಣವೇ ಅದನ್ನು ತೀರ್ಮಾನಿಸಿಬಿಟ್ಟಿತ್ತು. ಜಗುಲಿ ಗಂಡಸರದು. ಒಳಗಿನ ಅಡುಗೆಮನೆ, ಬಚ್ಚಲು, ಹಿತ್ತಿಲು, ಕೊಟ್ಟಿಗೆ ಹೆಂಗಸರವು. ಕೊನೆಕೊಯ್ಲಿನ ದಿನಗಳಲ್ಲಿ ಮಾತ್ರ ಈ ಗೆರೆ ಮಸುಕಾಗುತ್ತಿತ್ತು. ಅಂಗಳದಲ್ಲಿ ರಾತ್ರಿ ಹೊತ್ತು ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರಲ್ಲಿ ಮನೆಯ ಹೆಂಗಸರೂ ಇರುತ್ತಿದ್ದರು, ಕೆಲಸಕ್ಕೆ ಬಂದ ಹೆಂಗಸರೂ ಇರುತ್ತಿದ್ದರು. ಬೇಯಿಸುವ ಹಂಡೆ, ಬಣ್ಣ ಕೊಡುವ ಚೊಗರು, ಒಣಗಿಸುವ ಅಟ್ಟ ಎಲ್ಲದರಲ್ಲೂ ಅವರ ಕೈಯಿತ್ತು. ಅಡಿಕೆ ಮೂಟೆಯಾಗಿ ಸಾಗರದ ಮಂಡಿಗೆ ಹೊರಟ ಮೇಲೆ ಧಾರಣೆ ಎಷ್ಟು ಬಂತು ಎಂದು ಕೇಳುವ ರೂಢಿ ಮಾತ್ರ ಅವರಿಗಿರಲಿಲ್ಲ. ಕೇಳಬಾರದೆಂದು ಯಾರೂ ಹೇಳಿದ್ದಿಲ್ಲ. ಕೇಳಿದವರನ್ನು ಕಂಡವರೂ ಇರಲಿಲ್ಲ.

ಹೊರಗೆ ಹೋಗಲು ನೆಪಗಳು ಬೇಕಿದ್ದವು. ತವರಿನ ಹಬ್ಬ, ನೆಂಟರ ಮನೆಯ ಮದುವೆ, ಬಾಣಂತನ. ಸಂತ ಶ್ರೀಧರಸ್ವಾಮಿಗಳು ವರದಹಳ್ಳಿಯಲ್ಲಿ ನೆಲೆ ನಿಂತ ಮೇಲೆ ಅವರ ಆಶ್ರಮದ ಗುಡ್ಡವೂ ಆ ಸಾಲಿಗೆ ಸೇರಿತು. 1908ರ ದತ್ತ ಜಯಂತಿಯಂದು ಕಲಬುರಗಿ ಸೀಮೆಯ ಲಾಡ್ ಚಿಂಚೋಳಿಯಲ್ಲಿ ಹುಟ್ಟಿದ ಸ್ವಾಮಿಗಳು 1973ರಲ್ಲಿ ಇಲ್ಲಿಯೇ ದೇಹ ಬಿಟ್ಟರು. ಗುಡ್ಡದ ಬುಡದ ದುರ್ಗಾಂಬಾ ದೇವಸ್ಥಾನ, ಶ್ರೀಧರ ತೀರ್ಥ, ಮೇಲಿನ ಸಮಾಧಿ ಇವಿಷ್ಟನ್ನು ನೋಡಿ ಬರುವ ಒಂದು ಹಗಲು, ಎಷ್ಟೋ ಗೃಹಿಣಿಯರಿಗೆ ಗಂಡನ ಜೊತೆಯಿಲ್ಲದೆ ಬಸ್ ಹತ್ತಿದ ಮೊದಲ ಹಗಲಾಗಿತ್ತು. ದೇವರ ಹೆಸರಿನಲ್ಲಿ ಸಿಕ್ಕ ಬಿಡುವನ್ನು ಸಮಾಜ ಸುಧಾರಣೆಯ ಲೆಕ್ಕಕ್ಕೆ ಯಾರೂ ಸೇರಿಸುವುದಿಲ್ಲ. ಸೇರಿಸಿದರೆ ತಪ್ಪೇನಿಲ್ಲ.

ಇದಕ್ಕೂ ಹಿಂದಿನ ಕಾಲದ ಕಥೆ ಇನ್ನೂ ಕಠಿಣ. ಈ ತೋಟದ ಮನೆಗಳ ಹವ್ಯಕ ಬ್ರಾಹ್ಮಣರಲ್ಲಿ ಹೆಣ್ಣಿಗೆ ಹಣ ಕೊಟ್ಟು ಮದುವೆಯಾಗುವ ಪದ್ಧತಿಯಿತ್ತು. ತೋಟವುಳ್ಳ ಮುದುಕನಿಗೆ ಎಳೆಯ ಹುಡುಗಿಯನ್ನು ಕೊಟ್ಟು ಸಾಲ ತೀರಿಸಿಕೊಂಡ ತಂದೆಯರಿದ್ದರು. ಹೊನ್ನಾವರದ ಬಳಿಯ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ಬರೆದ ‘ಇಗ್ಗಪ್ಪ ಹೆಗಡೆ ವಿವಾಹ ಪ್ರಹಸನ’ ಈ ಕನ್ಯಾವಿಕ್ರಯವನ್ನೇ ಹಿಡಿದು ಗೇಲಿ ಮಾಡಿತು. ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ಹೆಸರಾದ ಕೃತಿ ಹೆಣ್ಣಿನ ಮಾರಾಟವನ್ನು ಕುರಿತದ್ದು, ಅದೂ ಹವಿಗನ್ನಡದ ಮಾತುಗಳಲ್ಲಿ ಬಂದದ್ದು ಎಂಬುದನ್ನು ಈ ಭಾಗದವರು ಹೆಮ್ಮೆಯಿಂದಲೂ ಸ್ವಲ್ಪ ಮುಜುಗರದಿಂದಲೂ ನೆನೆಯುತ್ತಾರೆ. ಮುದುಕ ತೀರಿಕೊಂಡ ಮೇಲೆ ಉಳಿಯುತ್ತಿದ್ದವಳು ಬಾಲವಿಧವೆ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ಅವಳನ್ನು ಅಡುಗೆಮನೆಗೆ ಸೇರಿಸಿದರೆ ಆ ಮನೆಗೆ ಸಂಬಳವಿಲ್ಲದ ಒಂದು ಜೀವ ಸಿಕ್ಕಿದಂತಾಗುತ್ತಿತ್ತು. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅಂಥ ಒಬ್ಬಳ ಬದುಕನ್ನು 1976ರ ‘ಫಣಿಯಮ್ಮ’ದಲ್ಲಿ ಬರೆದರು; ಪ್ರೇಮಾ ಕಾರಂತರು ಅದನ್ನು ಚಲನಚಿತ್ರ ಮಾಡಿದರು. ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಅದೇ ತಾಲ್ಲೂಕಿನ ಗಿರೀಶ ಕಾಸರವಳ್ಳಿ 1977ರಲ್ಲಿ ‘ಘಟಶ್ರಾದ್ಧ’ವಾಗಿ ತೆರೆಗೆ ತಂದರು: ಬಸಿರಾದ ವಿಧವೆ ಮಗಳಿಗೆ ಅವಳು ಬದುಕಿರುವಾಗಲೇ ತಂದೆ ಶ್ರಾದ್ಧ ಮಾಡುವ ಕಥೆ. ತೀರ್ಥಹಳ್ಳಿಯಲ್ಲೇ 1934ರಲ್ಲಿ ಹುಟ್ಟಿದ ಅನುಪಮಾ ನಿರಂಜನ ವೈದ್ಯೆಯಾಗಿ, ಹೆಣ್ಣಿನ ದೇಹದ ಬಗ್ಗೆ ಕನ್ನಡದಲ್ಲಿ ನೇರವಾಗಿ ಬರೆದರು. ಒಂದು ಸಣ್ಣ ಭೂಭಾಗದಿಂದ ಈ ಒಂದೇ ವಿಷಯದ ಮೇಲೆ ಇಷ್ಟು ಬರವಣಿಗೆ ಹೊರಟಿದೆಯೆಂದರೆ ಅಲ್ಲಿ ನೋವಿನ ಸಂಗ್ರಹ ದೊಡ್ಡದಿತ್ತೆಂದೇ ಅರ್ಥ.

ಆದರೆ ಇದು ಊರಿನ ಎಲ್ಲರ ಕಥೆಯಾಗಿರಲಿಲ್ಲ. ಅದೇ ಸೀಮೆಯ ಗದ್ದೆಬಯಲುಗಳಲ್ಲಿ ದೀವರು ಮತ್ತಿತರ ದುಡಿಯುವ ಜಾತಿಗಳ ಹೆಂಗಸರು ನಾಟಿ, ಕಳೆ, ಕೊಯ್ಲು ಎಲ್ಲಕ್ಕೂ ಇಳಿಯುತ್ತಿದ್ದರು. ಗಂಡ ಸತ್ತವಳು ಉಡಿಕೆಯಾಗಿ ಇನ್ನೊಂದು ಸಂಸಾರ ಹೂಡುವುದಕ್ಕೆ ಎಷ್ಟೋ ಕಡೆ ಅಡ್ಡಿಯಿರಲಿಲ್ಲ. ಅವರಿಗೆ ಇಲ್ಲದ್ದು ಭೂಮಿ. ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಇದೇ ಸಾಗರ ತಾಲ್ಲೂಕಿನಲ್ಲಿ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದದ್ದೂ ಇಲ್ಲೇ. ಆ ಹೋರಾಟದ ನೆನಪುಗಳಲ್ಲಿ ಗೇಣಿದಾರನ ಹೆಸರು ಬರುತ್ತದೆ, ಅವನ ಹೆಂಡತಿಯದು ಬರುವುದು ಅಪರೂಪ. 1974ರ ಭೂಸುಧಾರಣೆಯಲ್ಲಿ ಉಳುವವನಿಗೆ ಭೂಮಿ ಬಂದಾಗಲೂ ಪಹಣಿಯಲ್ಲಿ ಕೂತದ್ದು ಬಹುಮಟ್ಟಿಗೆ ಗಂಡಸರ ಹೆಸರು. ಇನ್ನೂ ಹಿಂದೆ ಹೋದರೆ ಸಾಗರದ ಪಕ್ಕದ ಕೆಳದಿಯ ಸಂಸ್ಥಾನವನ್ನು ಚೆನ್ನಮ್ಮ, ಗಂಡ ಸೋಮಶೇಖರ ನಾಯಕ ಸತ್ತ ಮೇಲೆ 1671ರಿಂದ ಸುಮಾರು 25 ವರ್ಷ ಆಳಿದಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದಳು. ಹೀಗೆ ವಿಧವೆಯೊಬ್ಬಳು ರಾಜ್ಯವಾಳಿದ ನೆಲದಲ್ಲೇ ಮುಂದೆ ವಿಧವೆಯರ ಮುಖ ನೋಡಿದರೆ ಅಪಶಕುನವೆಂದವರಿದ್ದರು. ಪರಂಪರೆ ಎಂದು ಒಂದನ್ನೇ ತೋರಿಸುವವರಿಗೆ ಈ ಸೀಮೆ ಅನುಕೂಲದ ಜಾಗವಲ್ಲ.

ಕಾನೂನು ಊರಿಗಿಂತ ಮುಂದೆ ನಡೆಯಿತು. 1929ರ ಶಾರದಾ ಕಾಯ್ದೆ ಹುಡುಗಿಯ ಮದುವೆಗೆ ಕನಿಷ್ಠ 14 ವರ್ಷವೆಂದಿತು. 1978ರ ತಿದ್ದುಪಡಿ ಅದನ್ನು 18ಕ್ಕೆ ಏರಿಸಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳನ್ನು ವಾರಸುದಾರಳೆಂದು ಒಪ್ಪಿತು, ಆದರೆ ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಪಾಲನ್ನು ಗಂಡುಮಕ್ಕಳಿಗೇ ಉಳಿಸಿತು. ಕರ್ನಾಟಕ ತನ್ನದೇ ತಿದ್ದುಪಡಿಯನ್ನು 1994ರ ಜುಲೈ 30ರಿಂದ ಜಾರಿಗೆ ತಂದು ಮಗಳಿಗೂ ಸಮಪಾಲು ಕೊಟ್ಟಿತು. ಅದಕ್ಕೊಂದು ಕೊಕ್ಕೆಯಿತ್ತು: ಆ ದಿನಕ್ಕೆ ಮೊದಲೇ ಮದುವೆಯಾದವಳಿಗೆ ಪಾಲಿಲ್ಲ. ಒಂದೇ ಮನೆಯಲ್ಲಿ 1993ರಲ್ಲಿ ಮದುವೆಯಾದ ಅಕ್ಕನಿಗೆ ಇಲ್ಲದ ಹಕ್ಕು 1995ರಲ್ಲಿ ಮದುವೆಯಾದ ತಂಗಿಗೆ ಬಂತು. 2005ರ ಕೇಂದ್ರ ತಿದ್ದುಪಡಿ ಈ ಭೇದವನ್ನು ತೆಗೆಯಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ, 2005ರಲ್ಲಿ ತಂದೆ ಬದುಕಿರದಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಇದೆ ಎಂದು ಗೊಂದಲವನ್ನು ಮುಗಿಸಿತು.

ಇಷ್ಟಾದರೂ ಸಾಗರದ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನಡೆಯುತ್ತ ಬಂದದ್ದು ಬೇರೆ. ತಂದೆ ತೀರಿಕೊಂಡ ಮೇಲೆ ವಂಶವೃಕ್ಷ ಮಾಡಿಸಿ, ಪೌತಿ ಖಾತೆಗೆ ಓಡಾಡುವಾಗ ಹೆಣ್ಣುಮಕ್ಕಳನ್ನು ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು ವಾಡಿಕೆ. ಸಹಿ ಹಾಕುವವರಲ್ಲಿ ಹೆಚ್ಚಿನವರಿಗೆ ಒತ್ತಾಯವಾಗಿದೆ ಎನ್ನಿಸುವುದಿಲ್ಲ. ತೋಟ ನೋಡಿಕೊಳ್ಳುವವನು ಅಣ್ಣ, ಅಮ್ಮನನ್ನು ಸಾಕುವವಳು ಅತ್ತಿಗೆ, ಹಬ್ಬಕ್ಕೆ ಹೋಗಿ ಎರಡು ದಿನ ಇರಲು ತವರೊಂದು ಉಳಿಯಬೇಕು. ಈ ಲೆಕ್ಕದಲ್ಲಿ ಪಾಲು ಕೇಳುವುದು ತವರನ್ನು ಕಳೆದುಕೊಳ್ಳುವುದಕ್ಕೆ ಸಮ. ಕಾನೂನಿಗೆ ಕಾಣುವುದು ಸಹಿ ಮಾತ್ರ. ಸಹಿಯ ಹಿಂದಿನ ಆ ಲೆಕ್ಕವನ್ನು ಬರೆದಿಡುವ ಕಾಲಂ ಯಾವ ಪತ್ರದಲ್ಲೂ ಇಲ್ಲ.

ಇಂಥ ಮನೆಗಳಿಂದ ಹೊರದೇಶಕ್ಕೆ ಹೊರಟವರು ಮೊದಲಿಗೆ ಬೆರಳೆಣಿಕೆಯಷ್ಟು. 1965ರ ಅಮೆರಿಕದ ವಲಸೆ ಕಾಯ್ದೆ ಓದಿದವರಿಗೆ ಬಾಗಿಲು ತೆರೆದ ಮೇಲೆ ಎಂಜಿನಿಯರುಗಳು, ವೈದ್ಯರು ಹೋದರು. 1990ರ ಕಾಯ್ದೆ ಎಚ್-1ಬಿ ವೀಸಾವನ್ನು ತಂದಿತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಮೂಲಕ ಸಾಗರ, ಹೊಸನಗರ, ತೀರ್ಥಹಳ್ಳಿಯ ಹುಡುಗರು ನ್ಯೂಜೆರ್ಸಿ, ಟೆಕ್ಸಾಸ್, ಕ್ಯಾಲಿಫೋರ್ನಿಯಾ ಸೇರಿದರು. ಹೆಂಗಸರು ಹೋದದ್ದು ಹೆಚ್ಚಾಗಿ ಹೆಂಡತಿಯರಾಗಿ. ಅಪವಾದಗಳು ಇರಲಿಲ್ಲವೆಂದಲ್ಲ: ಮೈಸೂರು ಸೀಮೆಯ ರಾಜೇಶ್ವರಿ ಚಟರ್ಜಿ 1947ರಲ್ಲೇ ಸರ್ಕಾರಿ ವಿದ್ಯಾರ್ಥಿವೇತನ ಪಡೆದು ಒಬ್ಬರೇ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ, ಡಾಕ್ಟರೇಟ್ ಮುಗಿಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು. ಅವರು ಹೊರಟಾಗ ಅಮೆರಿಕಕ್ಕೆ ಹೋಗುವುದು ಮದುವೆಯ ಜಾತಕದಲ್ಲಿ ಹೇಳಿಕೊಳ್ಳುವ ಅರ್ಹತೆಯಾಗಿರಲಿಲ್ಲ. ನಲವತ್ತು ವರ್ಷ ಕಳೆಯುವ ಹೊತ್ತಿಗೆ ಆಗಿತ್ತು.

ಹೋದವರ ಮನೆಗಳಲ್ಲಿ ಮೊದಲು ಬದಲಾದದ್ದು ಅಭಿಪ್ರಾಯಗಳಲ್ಲ, ಕೆಲಸದ ಹಂಚಿಕೆ. ಊರಿನಲ್ಲಿ ಒಂದು ಲೋಟವನ್ನೂ ತೊಳೆಯದ ಮಾಣಿ ಅಲ್ಲಿ ಪಾತ್ರೆ ತೊಳೆದ, ಕಸದ ಚೀಲ ಹೊರಗಿಟ್ಟ, ಮಗುವಿನ ಡೈಪರ್ ಬದಲಿಸಿದ. ಇದಕ್ಕೆ ಯಾವ ಚಳವಳಿಯೂ ಕಾರಣವಲ್ಲ. ಮನೆಯಲ್ಲಿ ಅಮ್ಮ, ಅತ್ತಿಗೆ, ಕೆಲಸದವಳು ಯಾರೂ ಇರಲಿಲ್ಲ. ಅದೇ ಮನುಷ್ಯ ರಜೆಗೆ ಊರಿಗೆ ಬಂದಾಗ ಊಟ ಮುಗಿಸಿ ಎದ್ದು ಜಗುಲಿಗೆ ಹೋಗಿ ಕೂರುತ್ತಿದ್ದ. ಅವನ ಹೆಂಡತಿ ಒಳಗೆ ಎಲೆ ತೆಗೆಯುತ್ತಿದ್ದಳು. ಎರಡೂ ನಡವಳಿಕೆ ಅವನಲ್ಲಿ ಜಗಳವಿಲ್ಲದೆ ಇದ್ದವು.

ಮುಟ್ಟಿನ ಮಡಿಯೂ ಹೀಗೆಯೇ ಕರಗಿತು. ತೋಟದ ಮನೆಯಲ್ಲಿ ಮೂರು ದಿನ ಹೊರಗೆ ಕೂರಲು ಒಂದು ಮೂಲೆ, ಒಂದು ಚಾಪೆ, ಬೇರೆ ತಟ್ಟೆ ಇರುತ್ತಿದ್ದವು. ಅಡುಗೆಗೆ ಇನ್ನೊಬ್ಬರು ಇರುತ್ತಿದ್ದರು. ಒಂದು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಹೊರಗೆ ಎಂದರೆ ಹಿಮ. ಹೀಗಾಗಿ ಹೊರಗಾಗುವುದು ನಿಂತಿತು, ಮತ್ತು ನಿಂತದ್ದನ್ನು ಊರಿಗೆ ಬರೆದ ಕಾಗದಗಳಲ್ಲಿ ಯಾರೂ ಬರೆಯಲಿಲ್ಲ. ತಾಯಿ ಕೇಳಲಿಲ್ಲ, ಮಗಳು ಹೇಳಲಿಲ್ಲ. ದೇವರ ಕಪಾಟನ್ನು ಆ ದಿನಗಳಲ್ಲಿ ಮುಟ್ಟದಿರುವಷ್ಟು ಮಾತ್ರ ಹಲವು ಮನೆಗಳಲ್ಲಿ ಇಂದಿಗೂ ಉಳಿದಿದೆ. ಇತ್ತ ವರದಹಳ್ಳಿ ಕಡೆಯಲ್ಲೂ ಕೂಡುಮನೆಗಳು ಒಡೆದು ಇಬ್ಬರೇ ಇರುವ ಮನೆಗಳಾದಾಗ ಅದೇ ಕಾರಣಕ್ಕೆ ಅದೇ ಬದಲಾವಣೆ ಬಂತು. ಅಮೆರಿಕ ಇದರಲ್ಲಿ ವಿಶೇಷವಾಗಿ ಏನನ್ನೂ ಕಲಿಸಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಕಾರು ಓಡಿಸುವುದು ಇವೆಲ್ಲಕ್ಕಿಂತ ದೊಡ್ಡ ಬದಲಾವಣೆಯೆಂದು ಆ ತಲೆಮಾರಿನ ಹೆಂಗಸರು ನೆನೆಯುತ್ತಾರೆ. ಬಸ್ಸಿಲ್ಲದ ಉಪನಗರಗಳಲ್ಲಿ ಲೈಸೆನ್ಸ್ ಇಲ್ಲದವಳು ಮನೆಯಿಂದ ಹೊರಡುವಂತೆಯೇ ಇರಲಿಲ್ಲ. ಗಂಡ ಹಿಂಜರಿದರೂ ಹೆಂಡತಿಗೆ ಕಲಿಸಲೇಬೇಕಾಯಿತು, ಇಲ್ಲದಿದ್ದರೆ ಹಾಲು ತರಲೂ ಅವನೇ ರಜೆ ಹಾಕಬೇಕು. ಜಂಟಿ ಬ್ಯಾಂಕ್ ಖಾತೆಯಿಂದ ಅವಳಿಗೆ ಮನೆಯ ಆದಾಯ ಎಷ್ಟೆಂದು ಮೊದಲ ಸಲ ಅಂಕಿಯಲ್ಲಿ ಕಂಡಿತು. ಅಡಿಕೆಯ ಧಾರಣೆ ತಿಳಿಯದೆ ಜೀವನ ಕಳೆದ ತಾಯಿಯ ಮಗಳಿಗೆ ಇದು ಸಣ್ಣ ಸಂಗತಿಯಲ್ಲ. ಹಾಗೆಂದು ಆ ದೇಶ ಆದಿಯಿಂದ ಉದಾರವಾಗಿತ್ತೆಂದು ತಿಳಿಯಬೇಕಿಲ್ಲ. ಗಂಡನ ಸಹಿಯಿಲ್ಲದೆ ಹೆಂಗಸಿಗೆ ಸಾಲ, ಕ್ರೆಡಿಟ್ ಕಾರ್ಡ್ ನಿರಾಕರಿಸುವುದನ್ನು ಅಮೆರಿಕ ಕಾನೂನಿನಿಂದ ತಡೆದದ್ದು 1974ರಲ್ಲಿ.

ಬದಲಾಗದೆ ನಿಂತ ಕಡೆಗಳೂ ಇದ್ದವು, ಅವು ಹೆಚ್ಚಾಗಿ ಮಕ್ಕಳಿಗೆ ಸಂಬಂಧಿಸಿದವು. ಮಗ ತಡವಾಗಿ ಬಂದರೆ ಓದಿನ ಚಿಂತೆ, ಮಗಳು ತಡವಾಗಿ ಬಂದರೆ ಮಾನದ ಚಿಂತೆ. ಊರು ಬಿಟ್ಟ ವರ್ಷದಲ್ಲಿ ಊರು ಹೇಗಿತ್ತೋ ಹಾಗೆಯೇ ಅದನ್ನು ಮನಸ್ಸಿನಲ್ಲಿಟ್ಟುಕೊಂಡವರು ತಮ್ಮ ಹೆಣ್ಣುಮಕ್ಕಳನ್ನು 1975ರ ಸಾಗರದ ಅಳತೆಯಲ್ಲಿ ಬೆಳೆಸಲು ಹೊರಟರು. ಅಷ್ಟರಲ್ಲಿ ಸಾಗರ ಮುಂದೆ ಹೋಗಿತ್ತು. ಲಾಲ್ ಬಹಾದೂರ್ ಕಾಲೇಜಿನಲ್ಲಿ ಓದಿದ ತೋಟದ ಮನೆಯ ಹುಡುಗಿಯರು ಬೆಂಗಳೂರಿನಲ್ಲಿ ಪಿಜಿ ಹಿಡಿದು ದುಡಿಯುತ್ತಿದ್ದರು, ತಾವೇ ಗಂಡು ನೋಡಿಕೊಳ್ಳುತ್ತಿದ್ದರು. ಕರ್ನಾಟಕದ 1983ರ ಜಿಲ್ಲಾ ಪರಿಷತ್ ಕಾಯ್ದೆ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಶೇಕಡ 25 ಸ್ಥಾನ ಮೀಸಲಿಟ್ಟಿತು. 2010ರಲ್ಲಿ ಅದು ಶೇಕಡ 50 ಆಯಿತು. ರಜೆಗೆ ಬಂದ ಅಮೆರಿಕದ ಮಗಳಿಗೆ ಊರಿನ ಸೋದರತ್ತೆಯ ಮಗಳು ತನಗಿಂತ ಬಿಡುಬೀಸಾಗಿ ಕಂಡ ಪ್ರಸಂಗಗಳು ಆ ಕುಟುಂಬಗಳಲ್ಲಿ ಸಾಕಷ್ಟಿವೆ.

ಕನ್ನಡ ಕೂಟಗಳ ಪಾತ್ರವನ್ನು ಇಲ್ಲಿ ನೋಡಬೇಕು. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರಲ್ಲಿ ಹುಟ್ಟಿತು. ಅಮೆರಿಕದ ಕೂಟಗಳ ಒಕ್ಕೂಟವಾದ ‘ಅಕ್ಕ’ 1998ರಲ್ಲಿ ಆಯಿತು. ಅಮೆರಿಕದ ಹವ್ಯಕರಿಗೂ ತಮ್ಮದೇ ಸಂಘವಿದೆ. ಯುಗಾದಿ, ದೀಪಾವಳಿಗಳಲ್ಲಿ ನೂರಾರು ಜನರಿಗೆ ಅಡುಗೆ ಮಾಡಿ, ಮಕ್ಕಳಿಗೆ ಹಾಡು-ನಾಟಕ ಕಲಿಸಿ, ಭಾನುವಾರದ ಕನ್ನಡ ತರಗತಿ ನಡೆಸಿ ಈ ಕೂಟಗಳನ್ನು ಉಳಿಸಿದ್ದು ಬಹುಮಟ್ಟಿಗೆ ಹೆಂಗಸರು. ವೇದಿಕೆಯ ಮೇಲಿನ ಕುರ್ಚಿಗಳು ಅವರಿಗೆ ಸಿಕ್ಕಿದ್ದು ನಿಧಾನವಾಗಿ. ಇನ್ನೊಂದು ಮಾತನ್ನೂ ಹೇಳಬೇಕು. ಮೊದಲು ಹೋಗಲು ಸಾಧ್ಯವಾದವರು ಓದಿದ ಮೇಲ್ಜಾತಿಗಳವರೇ ಹೆಚ್ಚಾದ್ದರಿಂದ, ಕಡಲಾಚೆ ‘ನಮ್ಮ ಸಂಸ್ಕೃತಿ’ ಎಂದು ಹೆಣ್ಣುಮಕ್ಕಳಿಗೆ ಹೇಳಿಕೊಟ್ಟದ್ದು ಆ ಮನೆಗಳ ನಿಯಮಗಳನ್ನೇ. ಉಡಿಕೆಯ ನೆನಪು, ಗದ್ದೆಯಲ್ಲಿ ಗಂಡಸಿಗೆ ಸಮನಾಗಿ ದುಡಿದವಳ ಬಾಯಿಜೋರು, ಇವು ವಿಮಾನ ಹತ್ತಲಿಲ್ಲ.

ಹೊರಗಿನ ಒತ್ತಡವೂ ಹೆಂಗಸರ ಮೈಮೇಲೇ ಬಿತ್ತು. 1987ರಲ್ಲಿ ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿ ‘ಡಾಟ್‌ಬಸ್ಟರ್ಸ್’ ಎಂದು ಹೆಸರಿಟ್ಟುಕೊಂಡ ಪುಂಡರ ಗುಂಪು ಭಾರತೀಯರ ಮೇಲೆ ಹಲ್ಲೆಗಿಳಿಯಿತು. ಹಣೆಯ ಕುಂಕುಮವನ್ನೇ ಗುರುತು ಮಾಡಿ ಇಟ್ಟ ಹೆಸರದು. ಊರಿನಲ್ಲಿ ಮುತ್ತೈದೆಯ ಮರ್ಯಾದೆಯಾದದ್ದು ಅಲ್ಲಿ ಅಪಾಯದ ಗುರುತಾದಾಗ, ಸೀರೆಯುಟ್ಟು ಕುಂಕುಮವಿಟ್ಟು ಬೀದಿಗಿಳಿಯುವುದನ್ನು ಎಷ್ಟೋ ಹೆಂಗಸರು ಬಿಟ್ಟರು. ಪ್ಯಾಂಟು ತೊಟ್ಟ ಗಂಡನಿಗೆ ಬಿಡಬೇಕಾದದ್ದು ಏನೂ ಇರಲಿಲ್ಲ.

ವಲಸೆಯ ಕಾಗದಪತ್ರಗಳು ಇನ್ನೂ ಆಳವಾದ ಅಸಮಾನತೆಯನ್ನು ತಂದವು. ಎಚ್-1ಬಿ ವೀಸಾದವನ ಹೆಂಡತಿಗೆ ಸಿಗುವುದು ಎಚ್-4. ಅದರಲ್ಲಿ ಕೆಲಸ ಮಾಡುವಂತಿರಲಿಲ್ಲ. ಬೆಂಗಳೂರಿನಲ್ಲಿ ಗಂಡನಷ್ಟೇ ಸಂಬಳ ತರುತ್ತಿದ್ದ ಎಂಜಿನಿಯರ್ ಹುಡುಗಿ ವಿಮಾನ ಇಳಿದ ದಿನದಿಂದ ಅವಲಂಬಿತಳಾದಳು. 2015ರಲ್ಲಿ, ಗ್ರೀನ್ ಕಾರ್ಡಿನ ಸರದಿಯಲ್ಲಿ ಒಂದು ಹಂತ ದಾಟಿದವರ ಹೆಂಡತಿಯರಿಗೆ ಮಾತ್ರ ಕೆಲಸದ ಪರವಾನಗಿ ಸಿಗತೊಡಗಿತು. ಅಲ್ಲಿಯವರೆಗಿನ ವರ್ಷಗಳು ಅವಳ ಕಸುಬಿನಿಂದ ಕಳೆದುಹೋದವು. ತಾಯಿಗೆ ಓದು ಸಿಗಲಿಲ್ಲ, ಹಾಗಾಗಿ ಅಡುಗೆಮನೆ. ಮಗಳಿಗೆ ಓದು ಸಿಕ್ಕಿತು, ಆದರೂ ಅಡುಗೆಮನೆ. ಈ ಬಾರಿ ಹಾಗೆ ಮಾಡಿದ್ದು ಮಲೆನಾಡಿನ ಮಡಿಯಲ್ಲ, ಹೆಣ್ಣಿನ ಸ್ವಾತಂತ್ರ್ಯಕ್ಕೆ ಮಾದರಿಯೆಂದು ಹೇಳಿಕೊಳ್ಳುವ ದೇಶದ ನಿಯಮ.

ಗಂಡ ಕೈ ಮಾಡುವವನಾದರೆ ಈ ಅವಲಂಬನೆ ಎಷ್ಟು ಅಪಾಯಕಾರಿ ಎಂಬುದು ಬೇಗನೆ ಗೊತ್ತಾಯಿತು. ಮದುವೆ ಮುರಿದರೆ ವೀಸಾವೂ ಹೋಗುತ್ತದೆ. ಊರಿಗೆ ಮರಳಿದರೆ ಕಾರಣ ಹೇಳಬೇಕಾಗುತ್ತದೆ. 1985ರಲ್ಲಿ ನ್ಯೂಜೆರ್ಸಿಯಲ್ಲಿ ಮಾನವಿ, 1989ರಲ್ಲಿ ನ್ಯೂಯಾರ್ಕಿನಲ್ಲಿ ಸಖಿ, 1991ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿ ಮೈತ್ರಿ, ಹೀಗೆ ದಕ್ಷಿಣ ಏಷ್ಯಾದ ಹೆಂಗಸರೇ ಕಟ್ಟಿದ ಸಂಸ್ಥೆಗಳು ಫೋನೆತ್ತಿ ಇಂಥ ಹೆಂಡತಿಯರ ಮಾತು ಕೇಳುವವರನ್ನು ಒದಗಿಸಿದವು. 1994ರ ಅಮೆರಿಕದ ಕಾಯ್ದೆಯೊಂದು ದೌರ್ಜನ್ಯಕ್ಕೊಳಗಾದ ಹೆಂಡತಿ ಗಂಡನ ನೆರವಿಲ್ಲದೆ ತಾನೇ ವಲಸೆಗೆ ಅರ್ಜಿ ಹಾಕಲು ಅವಕಾಶ ಕೊಟ್ಟಿತು, ಆದರೆ ಗಂಡ ಅಲ್ಲಿನ ಪ್ರಜೆಯೋ ಗ್ರೀನ್ ಕಾರ್ಡಿನವನೋ ಆಗಿದ್ದರೆ. ಪೆಟ್ಟು ತಿನ್ನದಿರುವ ಹಕ್ಕೂ ಗಂಡನ ಕಾಗದದ ಬಣ್ಣದ ಮೇಲೆ ನಿಂತಿತ್ತು. ಊರಿನ ಮನೆಗಳಲ್ಲಿ ಈ ಸಂಸ್ಥೆಗಳ ಹೆಸರು ಕೇಳಿದವರು ಕಡಿಮೆ. ಅಮೆರಿಕದ ಅಳಿಯ ಎಂದರೆ ಸುಖ ಎಂಬ ನಂಬಿಕೆ ಗಟ್ಟಿಯಾಗಿದ್ದ ಕಾಲದಲ್ಲಿ ಮಗಳು ಫೋನಿನಲ್ಲಿ ಸುಮ್ಮನಾದರೆ ಲೈನ್ ಕಟ್ಟಾಯಿತು ಎಂದುಕೊಂಡವರೇ ಹೆಚ್ಚು.

ಹೊರದೇಶ ಎಂದರೆ ಹೆಚ್ಚಿನ ಹಕ್ಕು ಎಂಬ ಎಣಿಕೆಯನ್ನು ಬುಡಮೇಲು ಮಾಡಿದ್ದು ಕರ್ನಾಟಕದ ಹೆಣ್ಣೊಬ್ಬಳ ಸಾವು. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ ಐರ್ಲೆಂಡಿನ ಗಾಲ್ವೇ ನಗರದಲ್ಲಿದ್ದರು. 2012ರ ಅಕ್ಟೋಬರಿನಲ್ಲಿ, ಬಸಿರಿನ 17ನೇ ವಾರದಲ್ಲಿ, ಗರ್ಭ ನಿಲ್ಲುವುದಿಲ್ಲವೆಂದು ಖಚಿತವಾದ ಮೇಲೂ ಭ್ರೂಣದ ಹೃದಯ ಬಡಿತವಿದೆ ಎಂಬ ಕಾರಣಕ್ಕೆ ಗರ್ಭಪಾತದ ಅವರ ಕೋರಿಕೆಯನ್ನು ಒಪ್ಪಲಿಲ್ಲ. ನಂಜೇರಿ ಅಕ್ಟೋಬರ್ 28ರಂದು ತೀರಿಕೊಂಡಾಗ ಅವರಿಗೆ 31 ವರ್ಷ. ಭಾರತದಲ್ಲಿ 1971ರ ಕಾಯ್ದೆಯಿಂದಲೇ ತಾಯಿಯ ಜೀವಕ್ಕೂ ಆರೋಗ್ಯಕ್ಕೂ ಅಪಾಯವಿದ್ದರೆ ಗರ್ಭಪಾತ ಕಾನೂನುಬದ್ಧ. ಐರ್ಲೆಂಡಿನ ಸಂವಿಧಾನಕ್ಕೆ 1983ರಲ್ಲಿ ಸೇರಿದ ಎಂಟನೆಯ ತಿದ್ದುಪಡಿ ಭ್ರೂಣದ ಬದುಕನ್ನು ತಾಯಿಯ ಬದುಕಿಗೆ ಸಮವೆಂದಿತ್ತು. ಊರಿನಲ್ಲಿ ಇದ್ದ ಹಕ್ಕು ಯುರೋಪಿನ ಆ ದೇಶದಲ್ಲಿ ಇರಲಿಲ್ಲ. ಐರ್ಲೆಂಡ್ 2013ರಲ್ಲಿ ಕಾನೂನನ್ನು ಸ್ವಲ್ಪ ಸಡಿಲಿಸಿತು. 2018ರ ಮೇ 25ರ ಜನಮತದಲ್ಲಿ ಶೇಕಡ 66ರಷ್ಟು ಜನ ಆ ತಿದ್ದುಪಡಿಯನ್ನು ತೆಗೆದುಹಾಕಲು ಮತ ಹಾಕಿದರು. ಡಬ್ಲಿನ್ನಿನ ಗೋಡೆಯ ಮೇಲೆ ಬರೆದ ಸವಿತಾರ ಚಿತ್ರದ ಮುಂದೆ ಜನ ಹೂವಿಟ್ಟು ಚೀಟಿ ಅಂಟಿಸಿದರು. ವಲಸೆ ಹೋದವರು ಹೊಸ ದೇಶದಿಂದ ಕಲಿಯುತ್ತಾರೆ ಎಂಬ ಮಾತಿಗೆ ಇದು ಎದುರುದಿಕ್ಕಿನ ಉದಾಹರಣೆ. ಕಲಿಯಬೇಕಾದದ್ದು ಆ ದೇಶವೇ ಆಗಿತ್ತು. 2022ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕನ್ನು ಒಪ್ಪಿದ್ದ 1973ರ ತನ್ನ ತೀರ್ಪನ್ನು ರದ್ದುಮಾಡಿದ ಮೇಲೆ ಟೆಕ್ಸಾಸಿನಲ್ಲಿರುವ ಕನ್ನಡ ಕುಟುಂಬಗಳ ಹೆಂಗಸರಿಗೂ ಇದೇ ಬಗೆಯ ಪ್ರಶ್ನೆ ಮನೆಬಾಗಿಲಿಗೆ ಬಂತು.

ಆದರೆ ವರದಹಳ್ಳಿ ಕಡೆಯ ಮನೆಗಳಿಗೆ ವಿದೇಶದ ಹೆಣ್ಣಿನ ಬದುಕು ನೇರವಾಗಿ ಕಂಡದ್ದು ಬಾಣಂತನದ ಮೂಲಕ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ಕ್ರಮ. ಮಗಳು ಬರಲಾಗದಿದ್ದರೆ ತವರೇ ಮಗಳಲ್ಲಿಗೆ ಹೋಗಬೇಕು. 1990ರ ದಶಕದಿಂದ ಈಚೆಗೆ ಅರವತ್ತರ ಆಸುಪಾಸಿನ ತಾಯಂದಿರು, ಬೆಂಗಳೂರಿಗೂ ನಾಲ್ಕೈದು ಸಲಕ್ಕಿಂತ ಹೆಚ್ಚು ಹೋಗದವರು, ಪಾಸ್‌ಪೋರ್ಟ್ ಮಾಡಿಸಿ, ಚೆನ್ನೈಗೆ ಹೋಗಿ ವೀಸಾ ಸಂದರ್ಶನಕ್ಕೆ ನಿಂತು, ಬಾಣಂತಿ ಲೇಹ್ಯ, ಒಣಶುಂಠಿ, ಕಾಳುಮೆಣಸು, ಅಂಟಿನುಂಡೆಗಳನ್ನು ಕಟ್ಟಿಕೊಂಡು ವಿಮಾನ ಹತ್ತಿದರು. ಅಲ್ಲಿ ಬಚ್ಚಲ ಒಲೆಯಿಲ್ಲ, ಹಂಡೆಯಿಲ್ಲ. ಮಗುವಿಗೆ ಧೂಪ ಹಿಡಿದರೆ ಮಾಡಿನಲ್ಲಿರುವ ಹೊಗೆಯ ಅಲಾರಂ ಕೂಗಿ ಅಕ್ಕಪಕ್ಕದವರು ಹೊರಬಂದ ಕಥೆ ಹಲವು ಮನೆಗಳಲ್ಲಿ ನಗುವಿನ ಜೊತೆ ಕೇಳಸಿಗುತ್ತದೆ. ಮಗಳು ಹೆತ್ತ ಕೆಲವೇ ವಾರಗಳಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುವುದು, ತಣ್ಣೀರು ಕುಡಿಯುವುದು, ಅಳಿಯ ರಾತ್ರಿ ಎದ್ದು ಮಗುವಿಗೆ ಬಾಟಲಿ ಹಿಡಿಯುವುದು, ಇವೆಲ್ಲ ಅವರು ಕಂಡ ಹೊಸ ಸಂಗತಿಗಳು. ಕೊನೆಯದನ್ನು ಕಂಡು ಮೆಚ್ಚಿದವರೂ ಇದ್ದರು, ತಮ್ಮ ಮಗ ಹಾಗೆ ಮಾಡುವುದನ್ನು ಕಂಡಾಗ ಬೇಸರಪಟ್ಟವರೂ ಅವರೇ.

ಮಗಳು ಅಷ್ಟು ಬೇಗ ಕೆಲಸಕ್ಕೆ ಕೂರಬೇಕಾದದ್ದಕ್ಕೆ ಕಾರಣ ಅವಳ ಉತ್ಸಾಹವಲ್ಲ. ಅಮೆರಿಕದಲ್ಲಿ ರಾಷ್ಟ್ರಮಟ್ಟದ ಸಂಬಳಸಹಿತ ಹೆರಿಗೆ ರಜೆ ಇಲ್ಲ. 1993ರ ಕಾಯ್ದೆ ಕೊಡುವುದು 12 ವಾರ, ಅದೂ ಸಂಬಳವಿಲ್ಲದೆ; ಸಣ್ಣ ಕಂಪನಿಗಳಿಗೆ ಅಷ್ಟೂ ಅನ್ವಯವಾಗುವುದಿಲ್ಲ. ಭಾರತದಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ 1961ರಲ್ಲೇ ಬಂತು. 2017ರಲ್ಲಿ ಸಂಬಳಸಹಿತ ರಜೆಯನ್ನು 26 ವಾರಕ್ಕೆ ಏರಿಸಲಾಯಿತು. ಬೆಂಗಳೂರಿನ ಕಚೇರಿಯಲ್ಲಿ ಉಳಿದ ತಂಗಿಗೆ ಆರು ತಿಂಗಳ ರಜೆ, ಅಮೆರಿಕದ ಅಕ್ಕನಿಗೆ ಅಮ್ಮ. ಪ್ರವಾಸಿ ವೀಸಾದಲ್ಲಿ ಒಮ್ಮೆಗೆ ಇರಬಹುದಾದದ್ದು ಸಾಮಾನ್ಯವಾಗಿ ಆರು ತಿಂಗಳು. ಮೊದಲ ಆರು ತಿಂಗಳು ತಾಯಿ, ಮುಂದಿನ ಆರು ತಿಂಗಳು ಅತ್ತೆ ಎಂಬ ಸರದಿ ಹುಟ್ಟಿದ್ದು ಹೀಗೆ. ಒಂದು ಸಿರಿವಂತ ದೇಶ ತನ್ನ ದುಡಿಯುವ ಹೆಂಗಸರಿಗೆ ಕೊಡದ ರಜೆಯನ್ನು ಮಲೆನಾಡಿನ ಮುದುಕಿಯರು ತಮ್ಮ ಮೈಯಿಂದ ತುಂಬಿಕೊಟ್ಟರು. ಮಗಳ ವೃತ್ತಿ ಉಳಿದದ್ದರ ಲೆಕ್ಕದಲ್ಲಿ ಈ ದುಡಿಮೆ ಎಲ್ಲೂ ಕಾಣುವುದಿಲ್ಲ. ಪ್ರವಾಸಿ ಎಂದೇ ಅವರ ಹೆಸರು ದಾಖಲಾಗಿದೆ.

ಅತ್ತ ಮನೆಯೊಡತಿ ಇಲ್ಲದ ತೋಟದ ಮನೆಯಲ್ಲಿ ಗಂಡ ಒಬ್ಬನೇ. ಐವತ್ತು ವರ್ಷ ಬಡಿಸಿಕೊಂಡು ಉಂಡವನು ಅನ್ನಕ್ಕೆ ನೀರೆಷ್ಟು ಎಂದು ಫೋನಿನಲ್ಲಿ ಕೇಳಿ ಕಲಿತ. ಕರೆಯುವ ಹಸುವನ್ನು ಯಾರಿಗಾದರೂ ಕೊಡಬೇಕಾಯಿತು. ಈ ಭಾಗದ ಕೊಟ್ಟಿಗೆಗಳು ಬರಿದಾಗಲು ಹೇಳುವ ಹತ್ತು ಕಾರಣಗಳಲ್ಲಿ ಇದನ್ನೂ ಸೇರಿಸಬಹುದು. ಬಾಣಂತನಕ್ಕೆ ಹೋದ ತಾಯಂದಿರು ಮರಳಿದ ಮೇಲೆ ಅವರಲ್ಲಿ ಆದ ಬದಲಾವಣೆ ದೊಡ್ಡ ಮಾತುಗಳದ್ದಲ್ಲ. ಊಟದ ನಂತರ ಗಂಡನ ತಟ್ಟೆಯನ್ನು ಅವನೇ ತೊಳೆಯಲಿ ಎಂದರು. ಬ್ಯಾಂಕಿಗೆ ತಾವೇ ಹೋಗಿ ಎಟಿಎಂ ಕಾರ್ಡ್ ಮಾಡಿಸಿಕೊಂಡರು. ಸೊಸೆ ಹೊರಗೆ ಕೂರಬೇಕೆಂದು ಹಟ ಹಿಡಿಯಲಿಲ್ಲ. ಎಲ್ಲರೂ ಹೀಗಾದರೆಂದು ಹೇಳುವಂತಿಲ್ಲ. ಅಲ್ಲಿಯದು ಅಲ್ಲಿಗೆ, ಇಲ್ಲಿಯದು ಇಲ್ಲಿಗೆ ಎಂದು ವಿಮಾನ ಇಳಿದ ಕೂಡಲೇ ಹಳೆಯ ಮಡಿಯುಟ್ಟವರೂ ಸಾಕಷ್ಟು ಜನ.

ಹೆಣ್ಣುಮಕ್ಕಳು ಓದಿ ಹೊರಟುಹೋದದ್ದರ ಪರಿಣಾಮ ಊರಿನಲ್ಲಿ ಉಳಿದ ಗಂಡುಮಕ್ಕಳ ಮೇಲಾಯಿತು. ತೋಟ ನೋಡಿಕೊಂಡಿರುವ ಮಾಣಿಗೆ ಹೆಣ್ಣು ಸಿಗುವುದಿಲ್ಲ ಎಂಬುದು ಈಗ ಸಾಗರದಿಂದ ಶಿರಸಿಯವರೆಗೆ ಎಲ್ಲ ಮದುವೆ ಚಪ್ಪರಗಳ ಮಾತು. ನಲವತ್ತು ದಾಟಿದ, ಹತ್ತಾರು ಎಕರೆಯ ವಾರಸುದಾರರು ಮದುವೆಯಿಲ್ಲದೆ ಉಳಿದಿದ್ದಾರೆ. ಒಂದು ಕಾಲದಲ್ಲಿ ಹೆಣ್ಣಿಗೆ ಹಣ ಕೊಟ್ಟು ತಂದರು; ಆಮೇಲೆ ಓದಿದ ಗಂಡಿಗೆ ವರೋಪಚಾರದ ಹೆಸರಿನಲ್ಲಿ ಕೊಡುವುದು ಬಂತು; ಈಗ ಮತ್ತೆ ಗಂಡಿನ ಕಡೆಯವರೇ ಮದುವೆಯ ಖರ್ಚು ಹೊತ್ತು, ಮಧ್ಯಸ್ಥರಿಗೆ ದುಡ್ಡು ಕೊಟ್ಟು ಹುಡುಕುತ್ತಾರೆ. ಇಗ್ಗಪ್ಪ ಹೆಗಡೆಯ ಕಾಲಕ್ಕೂ ಇಂದಿಗೂ ಇರುವ ಅಂತರ ಒಂದೇ, ಆದರೆ ಅದು ದೊಡ್ಡದು: ಒಲ್ಲೆ ಎನ್ನುವ ಅಧಿಕಾರ ಈಗ ಹುಡುಗಿಯ ಕೈಯಲ್ಲಿದೆ. ಹೆಣ್ಣುಮಕ್ಕಳನ್ನು ಓದಿಸಿದ್ದೇ ತಪ್ಪಾಯಿತು ಎಂದು ಜಗುಲಿಯಲ್ಲಿ ಕೂತು ಹಳಹಳಿಸುವವರಿದ್ದಾರೆ. ತೋಟದ ಮನೆಯ ಕೆಲಸದ ಹಂಚಿಕೆ ಹಾಗೆಯೇ ಉಳಿದದ್ದು ತಪ್ಪಾಯಿತೇನೋ ಎಂದು ಕೇಳಿಕೊಂಡವರು ಕಡಿಮೆ.

ಉತ್ತರ ಭಾರತದಿಂದ ಸೊಸೆ ತಂದ ಮನೆಗಳೂ ಈಗ ಇವೆ. ಹಿಂದಿ ಮಾತಾಡುವ, ಗೋಧಿ ರೊಟ್ಟಿಯ ಸೀಮೆಯ ಹುಡುಗಿ ಮಳೆಗಾಲದ ಮಲೆನಾಡಿಗೆ ಬಂದು ಇಳಿಯುತ್ತಾಳೆ. ತಂಬುಳಿ, ಅಪ್ಪೆಹುಳಿ, ಉಂಬಳ, ಕರೆಂಟಿಲ್ಲದ ವಾರಗಳು, ಅತ್ತೆಯ ಹವಿಗನ್ನಡ, ಎಲ್ಲ ಅವಳಿಗೆ ಪರದೇಶವೇ. ಅಮೆರಿಕದಲ್ಲಿರುವ ನಾದಿನಿಗೆ ಕನ್ನಡ ಕೂಟವಿದೆ. ಇವಳಿಗೆ ಅಂಥ ಕೂಟವಿಲ್ಲ, ಮೊಬೈಲ್ ಇದೆ, ಅದಕ್ಕೆ ಸಿಗ್ನಲ್ ಸಿಗುವ ದಿಬ್ಬವಿದೆ. ಆಧಾರ್ ಕಾರ್ಡಿನ ವಿಳಾಸ ಬದಲಾಯಿಸುವುದು, ರೇಷನ್ ಕಾರ್ಡಿಗೆ ಹೆಸರು ಸೇರಿಸುವುದು, ಮತದಾರರ ಪಟ್ಟಿಗೆ ಸೇರುವುದು ಇವಳ ಮೊದಲ ಹಕ್ಕುಗಳ ಓಡಾಟ. ವಲಸಿಗರು ಹೇಗೆ ಹೊಂದಿಕೊಳ್ಳಬೇಕೆಂದು ಅಮೆರಿಕದ ಮಗಳಿಗೆ ಫೋನಿನಲ್ಲಿ ಬುದ್ಧಿ ಹೇಳಿದ ಮನೆಗಳು, ತಮ್ಮಲ್ಲಿಗೆ ಬಂದ ವಲಸೆಗಾರ್ತಿಗೆ ತಾವು ಹೇಗೆ ಹೊಂದಿಕೊಳ್ಳಬೇಕೆಂದು ಯೋಚಿಸಬೇಕಾಗಿ ಬಂದಿರುವುದು ಈಚಿನ ಬೆಳವಣಿಗೆ.

ಆಸ್ತಿಯ ಪ್ರಶ್ನೆಯೂ ಬೇರೆ ರೂಪ ತಾಳಿದೆ. ಒಬ್ಬಳೋ ಇಬ್ಬರೋ ಹೆಣ್ಣುಮಕ್ಕಳೇ ಇರುವ, ಅವರೂ ಹೊರದೇಶದಲ್ಲಿರುವ ಮನೆಗಳಲ್ಲಿ ಬಿಡುಗಡೆ ಪತ್ರ ಬರೆಯಿಸಿಕೊಳ್ಳಲು ಅಣ್ಣನೇ ಇಲ್ಲ. ಅಲ್ಲಿ ಮಗಳೇ ಖಾತೆದಾರಳಾಗುತ್ತಾಳೆ. ತೋಟವನ್ನು ಚೇಣಿಗೆ ಕೊಟ್ಟು, ಕೊನೆ ಎಷ್ಟು ಬಿದ್ದಿದೆ, ಕೊಳೆರೋಗಕ್ಕೆ ಬೋರ್ಡೋ ಹೊಡೆಸಿದ್ದಾರೋ, ಸಾಗರದ ಮಾರುಕಟ್ಟೆಯಲ್ಲಿ ರಾಶಿ ಅಡಿಕೆಯ ಧಾರಣೆ ಎಷ್ಟು ಎಂದು ಅವಳು ವಾಟ್ಸ್ಯಾಪಿನಲ್ಲಿ ವಿಚಾರಿಸುತ್ತಾಳೆ. ಅಲ್ಲಿನ ಪೌರತ್ವ ಪಡೆದು ಒಸಿಐ ಕಾರ್ಡ್ ಹೊಂದಿದವಳಾದರೆ ಭಾರತದಲ್ಲಿ ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ, ಆದರೆ ತಂದೆತಾಯಿಯಿಂದ ಉತ್ತರಾಧಿಕಾರವಾಗಿ ಬಂದದ್ದನ್ನು ಉಳಿಸಿಕೊಳ್ಳಬಹುದು. ಹಾಗೆ ಉಳಿಸಿಕೊಳ್ಳುವವರು ದಾಖಲೆಗಳನ್ನು ತಂದೆ ಇರುವಾಗಲೇ ಸರಿಮಾಡಿಸಿಕೊಳ್ಳಲು ಡಿಸೆಂಬರ್ ರಜೆಗೆ ಬರುತ್ತಾರೆ; ದತ್ತ ಜಯಂತಿಯೂ ಸಾಮಾನ್ಯವಾಗಿ ಅದೇ ತಿಂಗಳಿಗೆ ಬೀಳುವುದರಿಂದ ಒಂದು ದಿನ ತಾಲ್ಲೂಕು ಕಚೇರಿಗೆ, ಒಂದು ದಿನ ವರದಹಳ್ಳಿಗೆ ಹೋಗಿ ಬರುತ್ತಾರೆ.